ನಾನು ಬರೆದುಕೊಟ್ಟ ಅರ್ಜಿ

ಜಯನಗರದ ಶಾಲೆಯೊಂದರಲ್ಲಿ ಬಹಳ ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಕಾವೇರಿಯನ್ನು ಸೇರುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಗೆರೆ ಎಳೆದಿದ್ದೇನೋ ಲೆಕ್ಕವಿಲ್ಲ. ನಿವೃತ್ತಿಯಾದ ಮೇಲೆ ಉತ್ತರಹಳ್ಳಿಯ ಅಪಾರ್ಟ್‌ಮೆಂಟಿಗೆ ಬಂದೆ. ಟೀಚರ್ ಎಂಬ ಕಾರಣಕ್ಕೆ ಅಸೋಸಿಯೇಷನ್ನಿನ ಸೆಕ್ರೆಟರಿ ಮಾಡಿದರು.

ಈಗಿನ ಮಳೆಗೆ ಕಾಲ ಎಂಬುದಿಲ್ಲ. ಆ ವರ್ಷ ಕಡುಬೇಸಿಗೆಯ ಒಂದು ಮಧ್ಯಾಹ್ನ ಒಂದೇ ಗಂಟೆಯಲ್ಲಿ ಬೇಸ್‌ಮೆಂಟ್ ತುಂಬುವಷ್ಟು ಸುರಿಯಿತು. ನಮ್ಮ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕವೂ ಅಲ್ಲೇ ಇತ್ತು. ಅದನ್ನು ನೋಡಿಕೊಳ್ಳುವ ಆಪರೇಟರ್ ಮೊಣಕಾಲುದ್ದ ನೀರಿನಲ್ಲಿ ನಿಂತು ಕೇಳಿದ, “ಮೋಟ್ರು ಸುಟ್ಟೋಯ್ತು ಮೇಡಂ. ವಾಲ್ವ್ ತೆಗ್ದು ರಾಜಕಾಲುವೆಗೆ ಬಿಟ್ಬಿಡ್ಲಾ? ಇಲ್ಲಾಂದ್ರೆ ಟಾಯ್ಲೆಟ್ ನೀರು ಇಲ್ಲೇ ಉಕ್ಕುತ್ತೆ.”

“ಎರಡು ದಿನ ತಾನೆ, ಬಿಡು,” ಎಂದೆ.

ಎರಡು ದಿನ ಎರಡು ತಿಂಗಳಾಯಿತು. ಪ್ರತಿ ಮೀಟಿಂಗಿನಲ್ಲೂ ಲಿಫ್ಟ್, ಗೇಟಿನ ಕ್ಯಾಮೆರಾ ಮುಂದೆ ಬರುತ್ತಿದ್ದವು, ಮೋಟಾರು ಹಿಂದೆ ಹೋಗುತ್ತಿತ್ತು. ನಾನೂ ಒತ್ತಾಯಿಸಲಿಲ್ಲ. ವಾಸನೆ ನಮ್ಮ ಕಡೆ ಬರುತ್ತಿರಲಿಲ್ಲವಲ್ಲ.

ಮಳೆನೀರಿನ ಆ ಕಾಲುವೆ ನಾನು ದಿನಾ ವಾಕಿಂಗ್ ಹೋಗುವ ಕೆರೆಗೆ ಸೇರುತ್ತದೆ. ಅದರ ದಂಡೆಯಲ್ಲಿ ಕೂಲಿಯವರ ಕೆಲವು ಶೆಡ್ಡುಗಳಿದ್ದವು. ಕೆರೆ ಕೋಡಿ ಬಿದ್ದರೆ ನೀರು ವೃಷಭಾವತಿಯ ಕಡೆಗೆ ಹರಿಯುತ್ತದೆ. ಆ ಕೆರೆಯಲ್ಲಿ ಗಂಡ ಹೆಂಡತಿ ಇಬ್ಬರು ತೆಪ್ಪದಲ್ಲಿ ಮೀನು ಹಿಡಿದು ಏರಿಯ ಮೇಲೆ ಮಾರುತ್ತಿದ್ದರು. ನಾನು ಮೀನು ತಿನ್ನುವವಳಲ್ಲ. ಆದರೂ ಆ ಹೆಂಗಸು ನನ್ನನ್ನು ಕಂಡರೆ ಮಾತಾಡಿಸದೆ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೆರೆಯ ಅಂಚಿನುದ್ದಕ್ಕೂ ಬಿಳಿ ಹೊಟ್ಟೆ ಮೇಲೆ ಮಾಡಿ ಮೀನುಗಳು ತೇಲುತ್ತಿದ್ದವು. ಆಕೆ ಸೀರೆ ಎತ್ತಿಕಟ್ಟಿ, ಬುಟ್ಟಿಗೆ ತುಂಬಿ ತುಂಬಿ ದಡಕ್ಕೆ ಸುರಿಯುತ್ತಿದ್ದಳು.

“ನಿನ್ನೆ ಸಂಜೆನೇ ಮೇಲ್ ಬಂದು ಬಾಯಿ ಬಾಯಿ ಬಿಡ್ತಿದ್ವು ಮೇಡಂ. ಉಸ್ರು ಕಟ್ಟಿ ಸತ್ತವೆ.”

ಕೊಳಚೆ ಹೆಚ್ಚಾಗಿ, ನೀರು ಬಿಸಿಯಾದರೆ ಅದರಲ್ಲಿ ಆಮ್ಲಜನಕ ಉಳಿಯುವುದಿಲ್ಲ. ಅದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ನೀವು ಟೀಚರ್ರು. ಕಾರ್ಪೊರೇಷನ್ನಿಗೆ ಒಂದು ಅರ್ಜಿ ಬರ್ಕೊಡಿ. ಗಲೀಜು ಎಲ್ಲಿಂದ ಬರ್ತೈತೆ ಅಂತ ಸರಿಯಾಗಿ ಬರೀರಿ,” ಎಂದಳು.

ಕಲ್ಲುಬೆಂಚಿನ ಮೇಲೆ ಕೂತು ಬರೆದೆ. ‘ಎಲ್ಲಿಂದ’ ಎನ್ನುವಲ್ಲಿಗೆ ಬಂದಾಗ ಪೆನ್ನು ನಿಂತಿತು. ಆಮೇಲೆ, ‘ಕಾಲುವೆ ದಂಡೆಯ ಶೆಡ್ಡುಗಳಿಂದಲೂ ಇತರೆ ಕಡೆಗಳಿಂದಲೂ’ ಎಂದು ಬರೆದು ಮುಗಿಸಿದೆ. ನಮ್ಮ ಅಷ್ಟೂ ಮನೆಗಳನ್ನು ಆ ‘ಇತರೆ’ಯೊಳಗೆ ಬಚ್ಚಿಟ್ಟೆ. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಿಧಾನವಾಗಿ ದೊಡ್ಡ ಅಕ್ಷರಗಳಲ್ಲಿ ಸಹಿ ಹಾಕಿದಳು.

ಅರ್ಜಿಗೆ ಬೆಲೆ ಬಂದಿತು. ಕೆಲವೇ ದಿನಗಳಲ್ಲಿ ಜೆಸಿಬಿ ಬಂದು ಶೆಡ್ಡುಗಳನ್ನು ಕೆಡವಿತು. ಅಲ್ಲಿದ್ದವರು ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರು. ಟಾರ್ಪಾಲಿನಲ್ಲಿ ಪಾತ್ರೆ ಕಟ್ಟುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಕೇಳಿದಳು, “ಯಾರ್ ಕಂಪ್ಲೇಂಟ್ ಕೊಟ್ಟಾರ್ರೀ ಅಕ್ಕಾರ? ನಾವ್ ಎಂಟ ಮನಿ ಅದೀವಿ. ಎಂಟ ಮನಿಯಿಂದ ಕೆರಿ ಕೆಡತೈತೇನ್ರಿ?”

“ಗೊತ್ತಿಲ್ಲಮ್ಮ,” ಎಂದು ನಡೆದುಬಿಟ್ಟೆ.

ಮರುದಿನ ಬೆಳಿಗ್ಗೆ ಕೆರೆಗೆ ಹೋಗಿ, ಬಲೆ ಹೊಲಿಯುತ್ತಾ ಕೂತಿದ್ದ ಮೀನಿನವಳಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಸೂಜಿಯನ್ನು ಮಡಿಲಲ್ಲಿಟ್ಟಳು.

“ಆ ಪೇಪರ್ ಕೆಳಗೆ ಸೈನು ನಂದಲ್ವಾ ಮೇಡಂ?” ಎಂದಳು. “ಅವರನ್ನ ಓಡಿಸಿದ್ದು ನಾನೇ ಆದಂಗಾಯ್ತು.”



ಎರಡನೆಯ ಅರ್ಜಿಯನ್ನು ನನ್ನ ಹೆಸರಿನಲ್ಲೇ ಬರೆದೆ. ಬಿಲ್ಡಿಂಗಿನ ಹೆಸರು, ವಾಲ್ವ್ ತೆಗೆಸಿದ ದಿನ, ತೆಗೆಸಿದವಳು ಯಾರು ಎಂಬುದು ಎಲ್ಲವೂ ಇತ್ತು. ಕಳಿಸುವ ಮೊದಲು ಮೀಟಿಂಗಿನಲ್ಲಿ ಓದಿದೆ. “ನಮ್ಮ ಮರ್ಯಾದೆ ನೀವೇ ತೆಗೀತೀರಾ ಆಂಟಿ?” ಎಂದು ಒಬ್ಬರು ಕೂಗಾಡಿದರು. ಮರುದಿನವೇ ಕಳಿಸಿದೆ. ಎರಡು ತಿಂಗಳು ಬಾರದ ಮೋಟಾರು ವಾರದೊಳಗೆ ಬಂತು. ವಾಲ್ವ್ ಮುಚ್ಚಿತು. ನಾನು ಸೆಕ್ರೆಟರಿ ಕೆಲಸ ಬಿಟ್ಟೆ.

ಈ ವರ್ಷ ಕೆರೆಗೆ ಮತ್ತೆ ಮೀನುಮರಿ ಬಿಟ್ಟಿದ್ದಾರೆ. ಆದರೆ ಮೇಲಿನ ಲೇಔಟುಗಳಿಂದ ಗಲೀಜು ಇನ್ನೂ ಬರುತ್ತಲೇ ಇದೆ. ಆಕೆ ಈಗಲೂ ಮಾತಾಡಿಸುತ್ತಾಳೆ, ಆದರೆ ಬರೆಸುವುದೇನಾದರೂ ಇದ್ದರೆ ಬೇರೆಯವರ ಹತ್ತಿರ ಹೋಗುತ್ತಾಳೆ.

ಶೆಡ್ಡಿನವರು ಕನಕಪುರ ರಸ್ತೆಯ ಕಡೆ ಹೋದರು ಎಂದು ಯಾರೋ ಹೇಳಿದರು. ಎರಡು ಸಲ ಆಟೋ ಮಾಡಿಕೊಂಡು ಹೋಗಿ, ಕಟ್ಟಡ ಏಳುತ್ತಿದ್ದ ಕಡೆಯಲ್ಲೆಲ್ಲ ವಿಚಾರಿಸಿದೆ. ಹೆಸರು ಕೇಳಿದರು. ಟಾರ್ಪಾಲಿನಲ್ಲಿ ಪಾತ್ರೆ ಕಟ್ಟುತ್ತಿದ್ದ ಆ ಹೆಂಗಸಿನ ಹೆಸರು ನನಗೆ ಗೊತ್ತಿರಲಿಲ್ಲ.