ಐವತ್ತು ಲೀಟರ್ ತಂಪು ನೀರು

ಜುಲೈ ಇಪ್ಪತ್ತಮೂರು, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲ್ಯಾಟೊಂದರ ಬಚ್ಚಲಲ್ಲಿ ಜರ್ಟ್ರೂಡ್ ಪಿಂಟೊ ಸ್ನಾನದ ತೊಟ್ಟಿಯ ಅಂಚಿಗೆ ಮೊಣಕೈ ಊರಿ ಕುಳಿತು ನೀರಿಗೆ ಥರ್ಮಾಮೀಟರ್ ಇಳಿಬಿಟ್ಟಿದ್ದರು. ಇಪ್ಪತ್ತೊಂಬತ್ತು ಡಿಗ್ರಿ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಒಂದು ಮೀಟರಿಗಿಂತ ತುಸು ಉದ್ದದ ಉಡವನ್ನು, ಹೊಟ್ಟೆಗೆ ಅಂಗೈ ಆಧಾರ ಕೊಟ್ಟು, ಮೆಲ್ಲನೆ ನೀರಿಗೆ ಬಿಟ್ಟರು.

“ಹೋಗು ಮಾರಾಯ, ಇವತ್ತು ನಿನಗೆ ದೊಡ್ಡ ಕೆರೆ.”

ಜರ್ಟ್ರೂಡ್ ಅವರಿಗೆ ಐವತ್ತನಾಲ್ಕು ವರ್ಷ. ಊರು ಕಾರ್ಕಳದ ಕಡೆ. ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ದೋಹಾಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಅಂದಿನಿಂದ ಇಂದಿನವರೆಗೆ ಒಂದೇ ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿ, ಬಿನ್ ಮಹಮೂದ್ ಬಡಾವಣೆಯಲ್ಲಿ ಒಂದೇ ಕೋಣೆಯ ಮನೆ. ಮದುವೆಯಾಗಲಿಲ್ಲ. ಜೂನ್ ಮುಗಿಯುತ್ತಲೇ ಪರಿಚಯದ ಸಂಸಾರಗಳೆಲ್ಲ ಊರಿಗೆ ಹೊರಡುತ್ತವೆ. ಹೊರಡುವ ಮೊದಲು ಮನೆಯ ಕೀ ತಂದು ಜರ್ಟ್ರೂಡ್ ಕೈಗೆ ಕೊಡುತ್ತವೆ. ಆ ವರ್ಷ ಐದು ಮನೆಗಳ ಕೀ ಅವರ ಬಾಗಿಲ ಹಿಂದಿನ ಮೊಳೆಗಳಲ್ಲಿ ತೂಗುತ್ತಿದ್ದವು. ಪ್ರತಿಯೊಂದಕ್ಕೂ ಒಂದು ಚೀಟಿ: ತುಳಸಿಗೆ ಮುನ್ನೂರು ಮಿಲಿಲೀಟರ್, ಮೀನಿಗೆ ಎರಡು ಗ್ರಾಂ. ಬೇಸಿಗೆ ರಜೆಯ ಎಂಟು ವಾರ ಅವರಿಗೆ ಮಾತಾಡಲು ಸಿಗುತ್ತಿದ್ದದ್ದು ಹೆಚ್ಚಾಗಿ ಈ ಗಿಡ, ಮೀನುಗಳೇ. ಆದರೂ ಆ ಎಂಟು ವಾರ ತಾನು ಐದು ಮನೆಗೆ ಬೇಕಾದವಳು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಉಡ ಸುಪ್ರೀತ್ ಅವರದು. ಮೈಸೂರಿನವರು, ಇಲ್ಲಿ ಕಚೇರಿ ನೌಕರಿ. ಮಗಳು ಇಂಚರಾ ಹಟ ಹಿಡಿದಳೆಂದು, ದೇಶ ಬಿಟ್ಟು ಹೊರಟಿದ್ದ ಒಬ್ಬರಿಂದ ಏಪ್ರಿಲ್‌ನಲ್ಲಿ ತಂದಿದ್ದರು. ತಂದ ಮೇಲೆ ಅದು ಸರಿಯಾಗಿ ತಿನ್ನಲಿಲ್ಲ. ಇಂಚರಾ ತನ್ನ ಶಾಲೆಯ ಲ್ಯಾಬ್ ಮಿಸ್ ಜರ್ಟ್ರೂಡ್ ಅವರನ್ನು ಮನೆಗೆ ಕರೆತಂದಳು.

“ಮಾರಿದವ್ರು ಇದು ಮರಳುಗಾಡಿನ ಉಡ ಅಂದ್ರು ಮೇಡಂ. ಮರಳು ಹಾಕಿ, ದೀಪ ಹಾಕಿ, ನೀರೇ ಬೇಡ ಅಂದ್ರು,” ಎಂದರು ಸುಪ್ರೀತ್.

“ಎಂತ ಮರಳುಗಾಡು! ಬಾಲ ನೋಡಿ ನೀವು. ಮರಳಿನ ಉಡದ ಬಾಲ ಹಗ್ಗದ ಹಾಗೆ ಉರುಟು ಇರ್ತದೆ. ಇದು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಉಂಟು. ಈಜುವ ಬಾಲ ಇದು.”

ಜರ್ಟ್ರೂಡ್ ಚೀಲದಿಂದ ಅಳತೆಪಟ್ಟಿ ತೆಗೆದರು. ಏಷ್ಯಾದ ನೀರುಡಕ್ಕೆ ಮೂಗಿನ ಹೊಳ್ಳೆ ದುಂಡಗೆ, ಮೂತಿಯ ತುದಿಗೆ ಹತ್ತಿರ. ಕಣ್ಣಿನಿಂದ ಅದಕ್ಕಿರುವ ದೂರ ತುದಿಯ ದೂರದ ಎರಡರಷ್ಟು. ನಮ್ಮ ಊರಿನ ಉಡಕ್ಕೆ ಹೊಳ್ಳೆ ಓರೆಯಾದ ಸೀಳು, ಹೆಚ್ಚುಕಡಿಮೆ ನಡುವೆ. ಇದಕ್ಕೆ ಸೀಳು ಹೊಳ್ಳೆ. ಕಣ್ಣಿನಿಂದ ಇಪ್ಪತ್ತನಾಲ್ಕು ಮಿಲಿಮೀಟರ್, ತುದಿಯಿಂದ ಹದಿನಾರು. ಒಂದೂವರೆ ಪಟ್ಟು. ಅವರು ಮೂರು ಸಲ ಅಳೆದರು.

“ಎರಡಕ್ಕೂ ಸೇರಿದ್ದು. ಯಾವುದೋ ದೇಶದಲ್ಲಿ ಎರಡು ಜಾತಿಯನ್ನು ಒಂದೇ ಗೂಡಲ್ಲಿ ಸಾಕಿದ್ದಾರೆ.”

“ಹಾಗಾದ್ರೆ ಇಂಟರ್‌ಕಾಸ್ಟ್ ಮದುವೆ ಕೇಸು ಅನ್ನಿ ಆಂಟಿ,” ಎಂದು ಸುಪ್ರೀತ್ ಹೆಂಡತಿ ರಶ್ಮಿತಾ ನಕ್ಕರು. “ಅದಕ್ಕೇ ಇಷ್ಟು ಮುನಿಸು.”

ಜರ್ಟ್ರೂಡ್ ನೋಟ್‌ಬುಕ್ಕಿನಲ್ಲಿ ‘ಬಹುಶಃ ಬೆರಕೆ’ ಎಂದು ಬರೆದು, ‘ಬಹುಶಃ’ದ ಕೆಳಗೆ ಗೆರೆ ಎಳೆದರು. ಖಚಿತವಾಗಿ ಹೇಳಲು ಡಿಎನ್‌ಎ ಪರೀಕ್ಷೆಯೇ ಆಗಬೇಕು. ಆದರೆ ನೀರುಡದ ರಕ್ತ ಅದರಲ್ಲಿದೆ ಎಂಬ ಬಗ್ಗೆ ಅವರಿಗೆ ಸಂಶಯವಿರಲಿಲ್ಲ.

ಪಶುವೈದ್ಯೆ ಅಸೀಫಾ ಕಾಸರಗೋಡಿನವರು. ರಕ್ತ ಪರೀಕ್ಷಿಸಿ ಅವರು ಹೇಳಿದ್ದೂ ನೀರಿನ ಮಾತನ್ನೇ: ವರ್ಷಗಟ್ಟಲೆ ನೀರಿಲ್ಲದೆ ಒಣಗಿಸಿದ್ದಾರೆ, ಮೂತ್ರಪಿಂಡ ಅರ್ಧ ಹೋಗಿದೆ, ಯೂರಿಕ್ ಆಮ್ಲ ಕೀಲುಗಳಲ್ಲಿ ಹರಳುಗಟ್ಟಿದೆ. ದಿನಕ್ಕೆ ಅರ್ಧ ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ಬಿಡಬೇಕು. ಮೂರು ಬಕೆಟ್ ಹಿಡಿಯುವ ಒಂದು ಪ್ಲಾಸ್ಟಿಕ್ ಟಬ್ ಬಂತು. ಎರಡನೆಯ ವಾರಕ್ಕೆ ಉಡ ಮೊಟ್ಟೆ ತಿಂದಿತು. ಇಂಚರಾ ಅದಕ್ಕೆ ಗುಂಡ ಎಂದು ಹೆಸರಿಟ್ಟಳು. ಜುಲೈ ಒಂದರಂದು ವಿಮಾನ ಹತ್ತುವ ಮೊದಲು ಅವಳು ಕೀಯನ್ನು ತಾನೇ ಜರ್ಟ್ರೂಡ್ ಕೈಗಿಟ್ಟಳು.

“ಮಿಸ್, ಗುಂಡ ಸಾಯಲ್ಲ ಅಲ್ವಾ?”

“ನಾನಿದ್ದೇನಲ್ಲ ಮಗಾ.”

ಇಪ್ಪತ್ತೆರಡು ದಿನ ಎಲ್ಲವೂ ಸರಿಯಾಗಿಯೇ ನಡೆಯಿತು. ಊದಿದ ಕೀಲುಗಳಿಂದ ಗುಂಡ ನೆಲದ ಮೇಲೆ ತೆವಳುವುದೂ ಕಷ್ಟ, ನೀರಿನಲ್ಲಿ ಮಾತ್ರ ಕಾಲು ಚಾಚುತ್ತಿತ್ತು. ಟಬ್ ಅದಕ್ಕೆ ಚಿಕ್ಕದು. ದೊಡ್ಡ ತೊಟ್ಟಿಯಲ್ಲಿ ಬಿಟ್ಟರೆ ಈಜೀತು ಎಂದು ಜರ್ಟ್ರೂಡ್ ಆ ದಿನ ತೊಟ್ಟಿ ತುಂಬಿಸಲು ಹೊರಟರು.

ಕತಾರಿನ ಬೇಸಿಗೆಯಲ್ಲಿ ನೀರಿನ ಟ್ಯಾಂಕುಗಳು ತಾರಸಿಯ ಮೇಲೆ ಕಾದು ಕೊತಕೊತ ಅನ್ನುತ್ತವೆ. ನೀಲಿ ಗುರುತಿನ ನಲ್ಲಿಗೆ ಕೈಯೊಡ್ಡುವಂತಿಲ್ಲ. ಅದಕ್ಕೆ ಮೇ ಬಂತೆಂದರೆ ಎಲ್ಲರೂ ಗೀಸರಿನ ಸ್ವಿಚ್ ಆರಿಸಿ, ಕೆಂಪು ಗುರುತಿನ ನಲ್ಲಿಯಿಂದಲೇ ಸ್ನಾನ ಮಾಡುತ್ತಾರೆ. ಮನೆಯೊಳಗೆ ಏಸಿಯ ಗಾಳಿಗೆ ಗೀಸರಿನ ನೀರು ರಾತ್ರಿಯೆಲ್ಲ ನಿಂತು ತಣ್ಣಗಾಗಿರುತ್ತದೆ. ಜರ್ಟ್ರೂಡ್ ಇಪ್ಪತ್ತಾರು ಬೇಸಿಗೆ ಹೀಗೆಯೇ ಕಳೆದಿದ್ದರು. ಇಲ್ಲಿಯೂ ಕೆಂಪು ನಲ್ಲಿಯನ್ನೇ ತಿರುಗಿಸಿದರು. ಗುಂಡನನ್ನು ಇಳಿಸಿದಾಗ ನೀರು ಅದರ ಹೊಟ್ಟೆಯವರೆಗಷ್ಟೇ ಬಂದಿತ್ತು, ಇನ್ನೂ ಬರಲಿ ಎಂದು ನಲ್ಲಿಯನ್ನು ಬಿಟ್ಟೇ ಇಟ್ಟರು.

ಅಷ್ಟರಲ್ಲಿ ಹಜಾರದಲ್ಲಿ ಫೋನ್ ಹೊಡೆದುಕೊಂಡಿತು. ಮೈಸೂರಿನಿಂದ ರಶ್ಮಿತಾ, ವಿಡಿಯೋ ಕರೆ.

“ಆಂಟಿ, ಇಲ್ಲಿ ಇವಳದ್ದು ಒಂದೇ ರಾಗ. ಗುಂಡನ್ನ ತೋರಿಸಿ ಅಂತ.”

“ಅವ ಈಗ ಸ್ನಾನಕ್ಕೆ ಇಳಿದಿದ್ದಾನೆ. ಸ್ನಾನ ಮಾಡುವವರನ್ನು ನೋಡ್ಲಿಕ್ಕೆ ಉಂಟಾ?”

ಇಂಚರಾ ನಗುತ್ತ ಪರದೆಗೆ ಮುಖ ತಂದಳು. ಅಜ್ಜಿಯ ಮನೆಯ ಬೆಕ್ಕಿನ ಕಥೆ ಹೇಳಿದಳು. ಗುಂಡನ ತೂಕ ಎಷ್ಟಾಯಿತೆಂದು ಕೇಳಿದಳು. ಎರಡು ಕಿಲೋ ನಾನ್ನೂರು ಎಂದಾಗ ಚಪ್ಪಾಳೆ ತಟ್ಟಿದಳು. ಇಪ್ಪತ್ತೆರಡು ದಿನಗಳಲ್ಲಿ ಯಾರೂ ಜರ್ಟ್ರೂಡ್ ಜೊತೆ ಇಷ್ಟು ಹೊತ್ತು ಮಾತಾಡಿರಲಿಲ್ಲ. ಕರೆ ಹದಿನಾರು ನಿಮಿಷ ನಡೆಯಿತು.

ಬಚ್ಚಲ ಬಾಗಿಲು ತೆರೆದಾಗ ಕನ್ನಡಿ ಮಂಜು ಹಿಡಿದಿತ್ತು. ತೊಟ್ಟಿ ತುಂಬಿ, ಮೇಲಿನ ತೂತಿನಿಂದ ನೀರು ಹೊರಹೋಗುತ್ತಿತ್ತು. ಗುಂಡ ನಲ್ಲಿಗೆ ಬೆನ್ನುಮಾಡಿ, ಮುಂಗಾಲು ಎರಡನ್ನೂ ನುಣುಪು ಗೋಡೆಗೆ ಆನಿಸಿ, ಬಾಯಿ ತೆರೆದುಕೊಂಡಿತ್ತು. ತೊಟ್ಟಿಯ ಬಿಳಿ ಬಣ್ಣದ ಮೇಲೆ ಉಗುರು ಗೀರಿದ ಗುರುತುಗಳು ಒಂದೇ ಕಡೆ ಇದ್ದವು. ಕೀಲು ಸರಿಯಿದ್ದಿದ್ದರೆ ಹತ್ತಿಬಿಡುತ್ತಿತ್ತು.

ಜರ್ಟ್ರೂಡ್ ಅದನ್ನು ಎತ್ತಿ ಒದ್ದೆ ಟವೆಲಿನಲ್ಲಿ ಸುತ್ತಿದರು. ಅಸೀಫಾ ಅವರ ಆಸ್ಪತ್ರೆಗೆ ಹೊರಡುವ ಮೊದಲು ನೀರಿಗೆ ಥರ್ಮಾಮೀಟರ್ ಇಳಿಸಿ ನೋಡಿದರು. ಟ್ಯಾಕ್ಸಿಯಲ್ಲಿ, ಎರಡನೆಯ ಸಿಗ್ನಲ್ ದಾಟುವಾಗ, ಮಡಿಲಲ್ಲಿ ಉಸಿರಾಟ ನಿಂತದ್ದು ಅವರ ಅಂಗೈಗೆ ತಿಳಿಯಿತು.

ದಾರಿಯುದ್ದಕ್ಕೂ ಅವರ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಗೀಸರಿನಲ್ಲಿ ಹಿಡಿಯುವುದು ಐವತ್ತು ಲೀಟರ್. ತೊಟ್ಟಿಗೆ ಬೇಕಾದದ್ದು ನೂರಿಪ್ಪತ್ತು. ಐವತ್ತು ಮುಗಿದ ಮೇಲೆ ಕೆಂಪು ನಲ್ಲಿಯಲ್ಲೂ ಬರುವುದು ತಾರಸಿಯ ನೀರೇ. ನಾಲ್ಕು ಜನರಿರುವ ಯಾವ ಮನೆಯಲ್ಲಾದರೂ ಕೊನೆಗೆ ಸ್ನಾನಕ್ಕೆ ಹೋಗುವವರಿಗೆ ಇದು ಗೊತ್ತಿರುತ್ತದೆ. ಜರ್ಟ್ರೂಡ್ ಇಪ್ಪತ್ತಾರು ವರ್ಷ ಒಬ್ಬರೇ ಇದ್ದವರು, ದಿನಕ್ಕೆ ಒಂದೇ ಬಕೆಟ್. ಗೀಸರ್ ಖಾಲಿಯಾಗುವುದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

ಅಸೀಫಾ ಮೇಜಿನ ಮೇಲೆ ಉಡವನ್ನು ಮಗುಚಿ ನೋಡಿದರು. ಎಲ್ಲ ಕೇಳಿಸಿಕೊಂಡ ಮೇಲೆ ವರದಿಯ ಹಾಳೆ ಎಳೆದುಕೊಂಡರು.

“ಜರ್ಟ್ರೂಡಕ್ಕ, ನಾನು ಕಿಡ್ನಿ ಫೇಲ್ ಅಂತ ಬರೀತೇನೆ. ಸುಳ್ಳಲ್ಲ ಅದು. ಇನ್ನೊಂದು ವರ್ಷ ಬದುಕುತ್ತಿದ್ದದ್ದು ಸಂಶಯವೇ. ಖಲಾಸ್, ಯಾರೂ ಕೇಳುವುದಿಲ್ಲ.”

ಜರ್ಟ್ರೂಡ್ ಕುರ್ಚಿಯಲ್ಲಿ ಕುಳಿತರು. ಹೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಐದು ಸಂಸಾರಗಳೂ ಒಂದೇ ವಾಟ್ಸ್ಆ್ಯಪ್ ಗುಂಪಿನಲ್ಲಿದ್ದವು. ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ಯಾರೂ ಬೈಯುವುದಿಲ್ಲ. ಮುಂದಿನ ಜೂನ್‌ನಲ್ಲಿ ಯಾರೂ ಕೀ ತಂದು ಕೊಡುವುದೂ ಇಲ್ಲ. ಹೇಳದಿದ್ದರೆ, ಆ ಮನೆಗೆ ಬರುವ ಮುಂದಿನ ಪ್ರಾಣಿಗೂ ಯಾರಾದರೂ ಅದೇ ತೊಟ್ಟಿ ತುಂಬಿಸುತ್ತಾರೆ.

ಅವರು ಫೋನ್ ತೆಗೆದು ಸುಪ್ರೀತ್‌ಗೆ ಕರೆ ಮಾಡಿದರು.

“ಗುಂಡ ಹೋದ ಸುಪ್ರೀತ್.”

ಆ ಕಡೆ, ಹಿಂದಿನಿಂದ ಇಂಚರಾ ಯಾರು, ಯಾರು ಎಂದು ಕೇಳುತ್ತಿದ್ದಳು.

“ಕಾಯಿಲೆ ಜಾಸ್ತಿ ಆಯ್ತಾ ಮೇಡಂ?” ಸುಪ್ರೀತ್ ದನಿ ತಗ್ಗಿತ್ತು. “ನೀವು ಬೇಜಾರು ಮಾಡ್ಕೋಬೇಡಿ. ಡಾಕ್ಟ್ರು ಮೊದಲೇ ಹೇಳಿದ್ರಲ್ಲ.”

ಅಸೀಫಾ ಪೆನ್ನು ಎತ್ತಿದವರು ಹಾಗೆಯೇ ನಿಂತರು.

“ಕಾಯಿಲೆ ಅಲ್ಲ. ನಾನು ನಲ್ಲಿ ಬಿಟ್ಟು ಫೋನಿನಲ್ಲಿ ಮಾತಾಡ್ತಾ ಕೂತೆ. ಗೀಸರ್ ಖಾಲಿಯಾಗಿ ಟ್ಯಾಂಕಿನ ನೀರು ಬಂತು. ತೆಗೆಯುವಾಗ ಅಳೆದಿದ್ದೇನೆ,” ಎಂದರು ಜರ್ಟ್ರೂಡ್. “ನಲವತ್ತನಾಲ್ಕು ಡಿಗ್ರಿ.”