ಅಪ್ಪ ಅಂಟಿಸಿದ ರಿಸಲ್ಟು

ಹೋದ ತಿಂಗಳು ಬಿಟಿಎಂ ಲೇಔಟಿನ ನಮ್ಮ ಬಸ್ ಸ್ಟಾಪಿನ ಪಕ್ಕದ ಕರೆಂಟ್ ಕಂಬಕ್ಕೆ ಒಬ್ಬ ಮನುಷ್ಯ ಪಿಜಿ ಜಾಹೀರಾತು ಅಂಟಿಸುತ್ತಿದ್ದ. ಕಾಲ ಬಳಿ ಬಕೆಟ್ಟು, ಕೈಯಲ್ಲಿ ಸವೆದ ಬ್ರಷ್ಷು. ಬಸ್ಸಿನ ಹೊಗೆ, ಪಕ್ಕದ ಹೋಟೆಲಿನ ಒಗ್ಗರಣೆ, ಎಲ್ಲವನ್ನೂ ದಾಟಿ ಒಂದು ವಾಸನೆ ನನ್ನ ಮೂಗಿಗೆ ಬಂದು ಹೊಡೆಯಿತು. ಬೆಂದ ಮೈದಾ, ಅದರೊಳಗೆ ಒಂದು ಚಿಟಿಕೆ ಮೈಲುತುತ್ತ. ನಿಮ್ಮಲ್ಲಿ ಯಾರಾದರೂ ಆ ವಾಸನೆಯ ಮನೆಯಲ್ಲಿ ಬೆಳೆದಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ. ಅವನು ಹೊಸ ಹಾಳೆಯನ್ನು ಹಳೆಯದರ ಅಂಚಿನ ಮೇಲೆ ಕೂರಿಸಿ ಬ್ರಷ್ಷು ಎಳೆದ. ಸುಮ್ಮನಿರಲಾರದೆ, "ಅಣ್ಣ, ಕೆಳಗಡೆ ಒಂದು ಸಾಲು ಮುಚ್ಚೋಯ್ತು ನೋಡಿ" ಎಂದೆ. "ಅದು ಹಳೇದು ಮೇಡಂ, ಬಿಡಿ" ಎಂದ. ಬಿಡಬೇಕಂತೆ! ಬಿಡುವ ಹಾಗಿದ್ದರೆ ನಾನು ಎಂದೋ ಬಿಟ್ಟಿರುತ್ತಿದ್ದೆ. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಅಪ್ಪ ಜಯನಗರದ ಒಂದು ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಜವಾನರಾಗಿದ್ದರು. ನಾವು ಇದ್ದದ್ದು ಯಡಿಯೂರಿನ ಒಂದು ವಠಾರದಲ್ಲಿ. ಒಂಬತ್ತು ಮನೆ, ಒಂದು ನಲ್ಲಿ, ಆ ನಲ್ಲಿಗೆ ದಿನಕ್ಕೆರಡು ಜಗಳ. ಈಗ ಅಲ್ಲಿ ಕೆಳಗೆ ಕಾರು ನಿಲ್ಲಿಸುವ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ನಮ್ಮ ಅಡುಗೆಮನೆ ಎಲ್ಲಿತ್ತು ಎಂದು ಎಷ್ಟು ಸಲ ಹೋಗಿ ನಿಂತರೂ ನನಗೆ ಗುರುತು ಸಿಗುವುದಿಲ್ಲ. ಶಾಲೆಯ ನೋಟೀಸ್ ಬೋರ್ಡಿಗೆ ಏನೇ ಅಂಟಿಸುವುದಿದ್ದರೂ ಅದಕ್ಕೆ ಅಂಟು ಬೇಯುತ್ತಿದ್ದದ್ದು ಆ ಅಡುಗೆಮನೆಯಲ್ಲೇ. ಅಮ್ಮ ಸೀಮೆಎಣ್ಣೆ ಸ್ಟವ್ವಿನ ಮೇಲೆ ಸೊಟ್ಟ ಪಾತ್ರೆಯೊಂದನ್ನಿಟ್ಟು, ಮೈದಾವನ್ನು ಗಂಟಾಗದಂತೆ ತಿರುಗಿಸುತ್ತಿದ್ದಳು. ಹುಳ ಹಿಡಿಯದಿರಲಿ ಎಂದು ಕೊನೆಗೆ ಮೈಲುತುತ್ತ. ಅಪ್ಪ ಬೀಡಿ ಕಚ್ಚಿಕೊಂಡು ಪಕ್ಕದಲ್ಲಿ ನಿಂತು ಮೇಷ್ಟರ ಹಾಗೆ ಪಾಠ ಹೇಳುತ್ತಿದ್ದರು. "ಎರಡು ಹಾಳೆ ಇದ್ರೆ ಅಂಚಿಗೆ ಅಂಚು ಕೂರಿಸಬಾರದು, ಗಾಳಿ ಎತ್ತಾಕ್ಬಿಡುತ್ತೆ. ಒಂದರ ಅಂಚಿನ ಮೇಲೆ ಇನ್ನೊಂದು ಒಂದ್ ಬೆರಳು ಹತ್ತೋ ಹಾಗೆ ಕೂರಿಸಬೇಕು." ಅವರು ಅಂಟಿಸಿದ ಹಾಳೆ ಮಳೆಗಾಲ ಕಳೆದರೂ ಬೀಳುತ್ತಿರಲಿಲ್ಲ. ಅದರ ಬಗ್ಗೆ ಅವರಿಗೆ ಜಂಬ ಇತ್ತು. ಪಾಪ, ಬೇರೆ ಯಾವುದರ ಬಗ್ಗೆ ಜಂಬ ಪಡಬೇಕಿತ್ತು ಆ ಮನುಷ್ಯ?

ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ, ಆದರೆ ನಮ್ಮ ವಠಾರದಲ್ಲಿ ಅದು ಹೊಸಿಲು. ದಾಟಿದವರು ಹೈಸ್ಕೂಲಿಗೆ, ದಾಟದವರು ಗ್ಯಾರೇಜಿಗೆ, ಇಲ್ಲವೇ ಊದುಬತ್ತಿ ಹೊಸೆಯುವುದಕ್ಕೆ. ನನಗಿಂತ ಮೂರು ವರ್ಷ ದೊಡ್ಡವಳಾದ ಮಂಜುಳಕ್ಕ ಆ ವರ್ಷ ಏಳನೇ ಕ್ಲಾಸು, ನಾನು ನಾಲ್ಕು. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಯಾರೂ ಹೈಸ್ಕೂಲಿನ ಬಾಗಿಲು ನೋಡಿದವರಲ್ಲ. ಅಕ್ಕ ನೋಡುತ್ತಾಳೆ ಎಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅಕ್ಕನಾದರೋ ನಲ್ಲಿ ಕಟ್ಟೆಯ ಮೇಲೆ ಕೂತು ಕೊಡ ತುಂಬುವುದರೊಳಗೆ ಒಂದು ಪದ್ಯ ಬಾಯಿಪಾಠ ಮಾಡುವವಳು. ಕೊನೆಯ ಪರೀಕ್ಷೆ ಮುಗಿಸಿ ಬಂದವಳೇ ಚಪ್ಪಲಿ ಬಿಡುತ್ತಾ, "ಅಪ್ಪ, ನಾನು ಪಾಸು. ಬೇಕಾದ್ರೆ ಬರೆದಿಟ್ಕೊಳ್ಳಿ" ಎಂದಿದ್ದಳು. ಅಪ್ಪ ನಿಜವಾಗಿಯೂ ಕ್ಯಾಲೆಂಡರಿನ ಮೇಲೆ ಬರೆದಿಟ್ಟರು.

ರಿಸಲ್ಟಿನ ಹಿಂದಿನ ಸಂಜೆ ಅಪ್ಪ ಸೈಕಲ್ಲಿನಲ್ಲಿ ಹೋಗಿ ಮೇಲಿನ ಆಫೀಸಿನಿಂದ ಅರಗು ಹಾಕಿದ ಕವರು ತಂದರು. ಬೇಸಿಗೆ ರಜೆ, ಶಾಲೆಗೆ ಬೀಗ. ಅದಕ್ಕೇ ಕವರು ಆ ರಾತ್ರಿ ನಮ್ಮ ಮನೆಯ ದೇವರ ಗೂಡಿನಲ್ಲೇ ಉಳಿಯಿತು. ಅಮ್ಮ ಅದಕ್ಕೂ ಕುಂಕುಮವಿಟ್ಟು ದೀಪ ಹಚ್ಚಿದಳು. ಸುದ್ದಿ ತಿಳಿದು ವಠಾರದ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಬಂದರು. ಎದುರು ಮನೆಯ ಸಾವಿತ್ರಮ್ಮನ ಮಗ ರವಿಯದ್ದೂ ಅದೇ ರಿಸಲ್ಟು. ಆಕೆ ಸೆರಗು ಒಡ್ಡಿ, "ಅಣ್ಣಾ, ಆವಿ ಹಿಡಿದ್ರೆ ಅರಗು ಬಿಡುತ್ತಂತೆ. ಬರೀ ನಂಬರ್ ನೋಡಿ ಮುಚ್ಚಿಡಿ" ಎಂದರು. ಇನ್ನೊಬ್ಬರು ಮಗ ಫೇಲಾದರೆ ಅವನನ್ನು ಬೆಳಗಾಗುವುದರೊಳಗೆ ಊರಿಗೆ ಕಳಿಸಬೇಕು, ಇಲ್ಲಿದ್ದರೆ ಏನಾದರೂ ಮಾಡಿಕೊಂಡಾನು ಎಂದು ಕಣ್ಣೊರೆಸಿಕೊಂಡರು. ಎಲ್ಲರಿಗೂ ಅಪ್ಪನದ್ದು ಒಂದೇ ಉತ್ತರ: "ಸೀಲು ಅಂದ್ರೆ ಸೀಲು." ಕೊನೆಗೆ ಅಮ್ಮನೇ ಕೇಳಿದಳು. "ರೀ, ನಮ್ಮ ಮಂಜೀದಾದ್ರೂ ನೋಡ್ರೀ." ಅಪ್ಪ ಗೂಡಿಗೆ ಬೆನ್ನು ಹಾಕಿ ಕೂತರು. "ಅಷ್ಟು ಜನಕ್ಕೆ ಇಲ್ಲ ಅಂದು ನನ್ ಮಗಳದ್ದು ನೋಡಿದ್ರೆ, ಈ ಖಾಕಿಗೆ ಏನು ಬೆಲೆ ಬಂತೇ?"

ಬೆಳಿಗ್ಗೆ ಅಂಟಿನ ಪಾತ್ರೆ ಹೊತ್ತುಕೊಂಡು ಅಪ್ಪನ ಹಿಂದೆ ಹೋದದ್ದು ನಾನು. ಹೆಡ್ಮೇಷ್ಟರು ರಜೆಗೆ ಊರಿಗೆ ಹೋಗಿದ್ದರು. ಅವರ ಬದಲಿಗೆ ಬೇರೆ ಶಾಲೆಯಿಂದ ಬಂದಿದ್ದ ಮೇಷ್ಟರು ಕವರು ಒಡೆದು, ಸಹಿ ಹಾಕಿ, "ಹಚ್ಚಿಬಿಡಪ್ಪ, ನನಗೆ ಬಸ್ಸಿದೆ" ಎಂದು ಹೊರಟೇಬಿಟ್ಟರು. ಒಳಗೆ ಎರಡು ಹಾಳೆ, ಪಾಸಾದವರ ನಂಬರುಗಳು ಮಾತ್ರ. ಅಪ್ಪ ಎರಡನ್ನೂ ಕಲ್ಲುಚಪ್ಪಡಿಯ ಮೇಲೆ ಮಗುಚಿ ಹಾಕಿ ಬೆನ್ನಿಗೆ ಅಂಟು ಬಳಿದರು. ಮಗಳ ನಂಬರು ಕಣ್ಣಿಗೆ ಬಿದ್ದೀತು ಎಂದು ಮುಖ ಆ ಕಡೆ ತಿರುಗಿಸಿಕೊಂಡೇ ಮೊದಲ ಹಾಳೆ ಅಂಟಿಸಿದರು. ಎರಡನೆಯದನ್ನು ಅದರ ಕೆಳಗೆ, ಅದರ ಅಂಚಿನ ಮೇಲೆ ಒಂದು ಬೆರಳು ಹತ್ತುವಂತೆ ಅಂಟಿಸಿ, ಒದ್ದೆ ಬಟ್ಟೆಯಿಂದ ನಯವಾಗಿ ಒತ್ತಿದರು. ಗೇಟು ತೆಗೆದ ಮೇಲೆಯೇ, ಎಲ್ಲರ ಜೊತೆಯಲ್ಲಿ, ಅವರೂ ತಿರುಗಿ ನೋಡಿದ್ದು. ಅಕ್ಕನದು ಅರವತ್ತೇಳು. ಮೊದಲ ಹಾಳೆ ಅರವತ್ತಾರಕ್ಕೆ ಮುಗಿದಿತ್ತು. ಎರಡನೆಯದು ಅರವತ್ತೊಂಬತ್ತರಿಂದ ಶುರುವಾಗಿತ್ತು. ಅರವತ್ತಾರು ಸಾವಿತ್ರಮ್ಮನ ರವಿ. ಆಕೆ ಅಲ್ಲೇ ಕೈ ಮುಗಿದು ಅತ್ತುಬಿಟ್ಟರು.

ಅಕ್ಕ ಮೂರು ಸಲ ಬೆರಳಿಟ್ಟು ಓದಿದಳು. ಆಮೇಲೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, "ಅಪ್ಪ, ಲಿಸ್ಟೇ ಸರಿ ಇಲ್ಲ. ನಾನು ಚೆನ್ನಾಗಿ ಬರ್ದಿದ್ದೀನಿ. ಆಫೀಸಿಗೆ ಹೋಗಿ ಒಂದ್ಸಲ ಕೇಳಿ" ಎಂದಳು. ಗುಂಪಿನಲ್ಲಿ ಯಾರೋ, "ಹೂಂ, ಜವಾನನ ಮಗಳಿಗೆ ಇನ್ನೊಂದು ಲಿಸ್ಟು ಮಾಡಿಸ್ತಾರೆ" ಎಂದು ನಕ್ಕರು. ನಮ್ಮಪ್ಪ ಅಲ್ಲಿಯವರೆಗೆ ನಮ್ಮ ಮೇಲೆ ಕೈ ಎತ್ತಿದವರಲ್ಲ. ದೇವರಾಣೆಗೂ ಎತ್ತಿದವರಲ್ಲ. ಆವತ್ತು ಎತ್ತಿದರು. "ಸೀಲ್ ಹಾಕಿ ಬಂದಿರೋದು ಸುಳ್ಳು, ನೀನು ನಿಜಾನಾ?" ಎಂದು ಅಷ್ಟು ಜನರ ಎದುರಿಗೆ ಅಕ್ಕನ ಕೆನ್ನೆಗೆ ಹೊಡೆದರು. ಅವರ ಕೈಯಲ್ಲಿದ್ದ ಅಂಟು ಅವಳ ಕೆನ್ನೆಗೆ ಹತ್ತಿತು. ಅವಳು ಒರೆಸಿಕೊಳ್ಳಲಿಲ್ಲ. ಹಾಗೇ ಮನೆಗೆ ನಡೆದು ಬಂದು ಗೋಡೆಗೆ ಒರಗಿ ಕೂತಳು. ಸಂಜೆಯ ಹೊತ್ತಿಗೆ ಅದು ಒಣಗಿ ಚಕ್ಕೆ ಎದ್ದಿತ್ತು. ಅಮ್ಮ ಬೆಚ್ಚಗಿನ ನೀರಲ್ಲಿ ಒರೆಸಹೋದರೆ ಮುಖ ತಿರುಗಿಸಿಕೊಂಡಳು. ಪಾಯಸಕ್ಕೆಂದು ಹುರಿದಿಟ್ಟಿದ್ದ ಶಾವಿಗೆಯನ್ನು ಅಮ್ಮ ಸದ್ದಾಗದ ಹಾಗೆ ಡಬ್ಬಿಗೆ ತುಂಬಿಟ್ಟಳು.

ಆಮೇಲಿನ ದಿನಗಳಲ್ಲಿ ಅಮ್ಮ ಎರಡು ಸಲ, "ಒಂದು ಮಾತು ಆಫೀಸಲ್ಲಿ ಕೇಳಿದ್ರೆ ಏನ್ರೀ ಹೋಗುತ್ತೆ" ಎಂದಳು. ಅಪ್ಪ ಬೀಡಿ ಹಚ್ಚಿಕೊಂಡು ಹೊರಗೆ ಹೋದರು. ಇಪ್ಪತ್ತು ವರ್ಷ ಸೀಲಿನ ಕವರು ಹೊತ್ತ ಮನುಷ್ಯ, ಅದರೊಳಗೆ ತಪ್ಪಿರಬಹುದು ಎಂದು ಹೇಗೆ ನಂಬಿಯಾರು? ಅಕ್ಕ ಒಂದು ದಿನ ತಾನಾಗಿಯೇ ಹೋಗಿ ಸಾವಿತ್ರಮ್ಮನ ಪಕ್ಕ ಕೂತು ಊದುಬತ್ತಿ ಹೊಸೆಯಲು ಶುರು ಮಾಡಿದಳು. ಅವಳ ಬೆರಳು ಕಪ್ಪಾದವು. ಅಪ್ಪ ಊಟಕ್ಕೆ ಕೂತಾಗ ಆ ಬೆರಳುಗಳನ್ನು ನೋಡಬಾರದೆಂದು ತಟ್ಟೆಯನ್ನೇ ನೋಡುತ್ತಿದ್ದರು.

ಶಾಲೆ ತೆರೆಯುವ ಹಿಂದಿನ ದಿನ ಬೋರ್ಡು ತೊಳೆಯಲು ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಗೋಣಿಚೀಲ ಒದ್ದೆ ಮಾಡಿ ಹಾಳೆಗಳ ಮೇಲೆ ಒತ್ತಿ ಹಿಡಿದರು. ಎರಡನೇ ಹಾಳೆ ನೆನೆದು ಮೇಲಿನಿಂದ ಮೆಲ್ಲಗೆ ಬಿಟ್ಟುಕೊಂಡಿತು. ಅದರ ಅಡಿಯಲ್ಲಿ, ಮೊದಲ ಹಾಳೆಯ ಕಟ್ಟಕಡೆಯ ಅಂಚಿನಲ್ಲಿ, ಟೈಪಿಗೆ ಜಾಗ ಸಾಲದೆ ಯಾರೋ ಇಂಕಿನಲ್ಲಿ ಬರೆದ ಒಂದೇ ಒಂದು ನಂಬರು ಇತ್ತು. ಅರವತ್ತೇಳು. ನಾನು ಓದಿಬಿಟ್ಟೆ, ಗಟ್ಟಿಯಾಗಿ. ಅಯ್ಯೋ, ಓದದೆ ಇದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಅಪ್ಪ ಗೋಣಿಚೀಲ ಕೈಬಿಟ್ಟು ಜಗಲಿಯ ಮೆಟ್ಟಿಲ ಮೇಲೆ ಕೂತರು. ಆಫೀಸು ತಪ್ಪಿರಲಿಲ್ಲ, ಮಗಳು ತಪ್ಪಿರಲಿಲ್ಲ. ಅಮ್ಮ ಬೇಯಿಸಿದ ಅಂಟಿನಲ್ಲಿ, ತಮ್ಮದೇ ಕೈಯಲ್ಲಿ, ತಮ್ಮದೇ ಒಂದು ಬೆರಳಿನ ಲೆಕ್ಕದಲ್ಲಿ ಅದನ್ನು ಮುಚ್ಚಿದ್ದವರು ಅವರೇ. ಆಮೇಲೆ ಎದ್ದು ಬ್ಲೇಡು ತಂದು ಆ ಅಂಚನ್ನು ಉದ್ದಕ್ಕೆ ಕೊಯ್ದು ತೆಗೆದರು. "ಅಮ್ಮಂಗೆ ಹೇಳು ಹೋಗು" ಎಂದರು. ನಾನು ಓಡಿದೆ.

ಅಮ್ಮ ಅಕ್ಕನಿಗೆ ಹೇಳಿದಳು. ಅಕ್ಕ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ನಂಗೆ ಗೊತ್ತಿತ್ತಲ್ಲ" ಎಂದಳು. ಹೈಸ್ಕೂಲಿಗೆ ಸೇರಿಸುತ್ತೇವೆ ಬಾ ಎಂದರೆ ಒಂದೇ ಮಾತು: "ಅಪ್ಪ ಬಂದು ಕರೀಲಿ, ಹೋಗ್ತೀನಿ. ಎಲ್ಲರ ಮುಂದೆ ಹೊಡೆದ್ರಲ್ಲ, ಮನೇಲಾದ್ರೂ ಒಂದ್ಸಲ ತಪ್ಪಾಯ್ತು ಮಗಳೇ ಅನ್ಲಿ." ಅದೇನು ದೊಡ್ಡ ಮಾತೇ? ಹದಿಮೂರು ವರ್ಷದ ಹುಡುಗಿ ಕೇಳಿದ್ದು ಅಷ್ಟೇ. ಆದರೆ ನಮ್ಮಪ್ಪನ ಬಾಯಿಂದ ಅದು ಬರಲಿಲ್ಲ. ಕೋಪವಲ್ಲ, ಹಟವಲ್ಲ. ಆ ಮಗುವಿನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ. ದಿನಾ ಬೆಳಿಗ್ಗೆ ಖಾಕಿ ತೊಟ್ಟು, ಅಕ್ಕ ಹೊಸೆಯುತ್ತ ಕೂತಿರುತ್ತಿದ್ದ ಎದುರು ಮನೆಯ ಬಾಗಿಲ ಬಳಿ ಬಂದು ನಿಂತು ಗಂಟಲು ಸರಿಮಾಡಿಕೊಳ್ಳುವರು. ಅಕ್ಕನ ಕೈ ನಿಲ್ಲುತ್ತಿತ್ತು. ಅಮ್ಮ ಒಳಗೆ ಸ್ಟವ್ವು ಆರಿಸಿ ಕಿವಿಗೊಡುತ್ತಿದ್ದಳು. ಆಮೇಲೆ ಸೈಕಲ್ಲಿನ ಸ್ಟ್ಯಾಂಡು ತೆಗೆದ ಸದ್ದು. ಹೀಗೆ ಜೂನ್ ಪೂರ್ತಿ ಕಳೆಯಿತು. ಜುಲೈಯಲ್ಲಿ ಹೈಸ್ಕೂಲಿನವರು ಸೀಟಿಲ್ಲ ಎಂದರು. ಮರುವರ್ಷ ಅಮ್ಮ ಮತ್ತೆ ಕೇಳಿದಾಗ ಅಕ್ಕ, "ಈಗ ಯಾಕಮ್ಮ" ಎಂದಳು.

ಅಕ್ಕ ಆಮೇಲೆ ಗಾರ್ಮೆಂಟ್ಸಿಗೆ ಹೋದಳು, ಮದುವೆಯಾದಳು, ಈಗ ವಸಂತಪುರದಲ್ಲಿದ್ದಾಳೆ. ನಾನು ಓದಿದೆ. ನನ್ನ ಒಂದೊಂದು ರಿಸಲ್ಟಿಗೂ ಅಪ್ಪ ಪೇಡ ತಂದು ಮೂಲೆಯಲ್ಲಿಟ್ಟು ಹೊರಗೆ ಹೋಗುತ್ತಿದ್ದರು, ಮನೆಯವರ ಎದುರು ಹಂಚುತ್ತಿರಲಿಲ್ಲ. ಈಗ ನನ್ನ ಮಗಳ ರಿಸಲ್ಟು ಫೋನಿಗೇ ಬರುತ್ತದೆ. ಆ ದಿನ ಅಕ್ಕ ಎರಡು ಬಸ್ಸು ಬದಲಿಸಿಕೊಂಡು ಬೆಳಿಗ್ಗೆಯೇ ನಮ್ಮ ಮನೆಗೆ ಬಂದು ಕೂರುತ್ತಾಳೆ. ನನ್ನ ಕೈಯಿಂದ ಫೋನು ಕಿತ್ತಿಟ್ಟು, "ಮೊದ್ಲು ಮಗೂನ ಕೇಳು ಹೆಂಗೆ ಬರ್ದಿದ್ದೆ ಅಂತ. ಆಮೇಲೆ ಇದನ್ನ ನೋಡುವಂತೆ" ಎನ್ನುತ್ತಾಳೆ. ನಾನು ಕೇಳುತ್ತೇನೆ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ರಿಟೈರಾದ ಮೇಲೆ ಹಬ್ಬಕ್ಕೊಮ್ಮೆ ವಸಂತಪುರಕ್ಕೆ ಹೋಗಿ ಬರುತ್ತಿದ್ದರು. ಅಕ್ಕ ಕಾಫಿ ಕೊಡುವಳು, ಅಪ್ಪ ಕುಡಿಯುವರು, ಮಳೆ ಬಿಸಿಲಿನ ಮಾತಾಡುವರು, ಏಳುವರು. ಇಬ್ಬರ ನಡುವೆ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅಮ್ಮ ಅವರ ಬಟ್ಟೆ ಗಂಟು ಬಿಚ್ಚಿದಳು. ಹೊರಗೆ ಹೋಗುವಾಗ ಹಾಕುತ್ತಿದ್ದ ಬಿಳಿ ಶರ್ಟಿನ ಜೇಬಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದದ ಚೂರಿತ್ತು. ಬೆರಳಗಲ, ಹಳದಿಯಾಗಿತ್ತು, ಹಿಂದೆ ಒಣಗಿದ ಅಂಟು. ಇಂಕು ಮಾಸಿದ್ದರೂ ಅರವತ್ತೇಳು ಎಂದು ಓದಬಹುದಿತ್ತು. ಅಮ್ಮ ಅದನ್ನು ಅಕ್ಕನ ಅಂಗೈಯಲ್ಲಿಟ್ಟಳು.

ಅಕ್ಕ ಅದನ್ನು ಮಗುಚಿ ಹಿಂದಿನ ಅಂಟನ್ನು ಬೆರಳಿನಿಂದ ಸವರಿದಳು. ಆವತ್ತು ಕೆನ್ನೆಗೆ ಏಟು ಬಿದ್ದಾಗಲೂ ಅಳದವಳು, ಅಪ್ಪನ ಹೆಣದ ಮುಂದೆಯೂ ಅಳದವಳು, ಈಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಬಂದಾಗಲೆಲ್ಲ ಜೇಬಿಗೆ ಕೈ ಹಾಕೋರು ಕಣೇ" ಎಂದಳು. "ಒಂದ್ಸಲ ಅಲ್ಲ, ಪ್ರತೀ ಸಲ. ಬೀಡಿ ಹುಡುಕ್ತಿದ್ದಾರೆ ಅಂದ್ಕೊಂಡು ನಾನೇ ಎದ್ದೋಗಿ ಬೆಂಕಿಪೊಟ್ಟಣ ತಂದ್ಕೊಡ್ತಿದ್ದೆ."

ಹೌದು, ನಾನೂ ನೋಡಿದ್ದೇನೆ. ಅಪ್ಪ ಅದನ್ನು ಇಸಿದುಕೊಂಡು, ಕೈ ಜೇಬಿನಿಂದ ತೆಗೆದು, ಬೀಡಿ ಹಚ್ಚುತ್ತಿದ್ದರು.