ಅಧ್ಯಾಪಕರಿಗೆ ಪಾಠ ಹೇಳುವ ‘ವಿದ್ಯಾರ್ಥಿನಿ’

ಬೆಳಿಗ್ಗೆ ಆರೂಮುಕ್ಕಾಲು. ಕಾಲೇಜಿನ ಎರಡನೆಯ ಮಹಡಿಯಲ್ಲಿರುವ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆದವರು ಮೊದಲು ದೀಪ ಹಾಕುವುದಿಲ್ಲ. ಕಾರಿಡಾರಿನ ಕಡೆಯ ಕಿಟಕಿಗಳಿಗೆ ಪರದೆ ಎಳೆಯುತ್ತಾರೆ. ಹಿರಿಯ ಅಧ್ಯಾಪಕರು ಕಲಿಯಲು ಬರುವ ಹೊತ್ತಿದು. ತಾವು ಕಲಿಯುತ್ತಿರುವುದನ್ನು ಹುಡುಗರು ನೋಡಕೂಡದು ಎಂಬುದು ಅವರ ಷರತ್ತು. ಕಲಿಕೆಯೇ ಬಾಳಿನ ಬೆಳಕೆಂದು ತರಗತಿಯಲ್ಲಿ ಸಾರುವವರಿಗೆ ತಮ್ಮ ಕಲಿಕೆಗೆ ಮಾತ್ರ ಮರೆ ಬೇಕು. ಪರದೆ ಎಳೆದಾಕೆ ಆಮೇಲೆ ದೀಪ ಹಾಕುತ್ತಾರೆ. ಇಪ್ಪತ್ತೊಂಬತ್ತು ಕೀಲಿಮಣೆಗಳ ಧೂಳು ಒರೆಸುತ್ತಾರೆ. ಉಳಿದ ಹನ್ನೊಂದು ಕೆಟ್ಟು ವರ್ಷವಾಗಿದೆ.

ಜವಾನರಿಂದ ಪ್ರಾಂಶುಪಾಲರವರೆಗೆ ಎಲ್ಲರೂ ಇವರನ್ನು ಕರೆಯುವುದು ‘ಲ್ಯಾಬಕ್ಕ’ ಎಂದೇ. ಪಾಠ, ಟಿಪ್ಪಣಿ, ಪರೀಕ್ಷೆ, ಅಂಕ ಎಲ್ಲವೂ ಆನ್‌ಲೈನಿನ ಒಂದೇ ವ್ಯವಸ್ಥೆಯಲ್ಲಿ ನಡೆಯಬೇಕೆಂದು ಆದೇಶ ಬಂದ ದಿನದಿಂದ, ಆ ‘ಪೋರ್ಟಲ್’ ಬಳಸುವುದನ್ನು ಎಂಬತ್ತನಾಲ್ಕು ಅಧ್ಯಾಪಕರಿಗೆ ಕಲಿಸುತ್ತಿರುವವರು ಇವರು.

ಇಂದು ಬಂದಿರುವವರು ಒಬ್ಬರೇ: ಮೂವತ್ತಮೂರು ವರ್ಷ ಪಾಠ ಮಾಡಿರುವ ಇತಿಹಾಸದ ಮೇಷ್ಟರು. ಅವರ ಅರವತ್ತೊಂದು ವಿದ್ಯಾರ್ಥಿಗಳಲ್ಲಿ ಒಬ್ಬರೂ ಪೋರ್ಟಲಿನಲ್ಲಿ ಅಸೈನ್‌ಮೆಂಟ್ ಸಲ್ಲಿಸಿಲ್ಲ. ಮೇಷ್ಟರು ಸಿಟ್ಟಿನಿಂದ ಅರವತ್ತೊಂದು ಸೊನ್ನೆ ಹಾಕಿದ್ದಾರೆ. ಇಂದು ಹತ್ತು ಗಂಟೆಗೆ ಅಂಕಪಟ್ಟಿ ಮುಚ್ಚುತ್ತದೆ. ಮುಚ್ಚಿದ ಮೇಲೆ ಆ ಸೊನ್ನೆಗಳನ್ನು ಯಾರೂ ಅಳಿಸಲಾರರು.

ನಿನ್ನೆ ಸಂಜೆ ಆ ತರಗತಿಯ ಹುಡುಗಿಯೊಬ್ಬಳು ಲ್ಯಾಬಿನ ಬಾಗಿಲಿಗೆ ಬಂದು, ತಮಗೆ ಪ್ರಶ್ನೆಗಳೇ ಕಾಣಿಸುತ್ತಿಲ್ಲ ಎಂದಳು. ಮೇಷ್ಟರಿಗೆ ಎರಡು ಸಲ ಹೇಳಿಯಾಗಿತ್ತಂತೆ. “ಓದೋ ಮನಸ್ಸಿದ್ರೆ ಕಾಣ್ಸುತ್ತೆ” ಎಂಬ ಉತ್ತರ ಸಿಕ್ಕಿತ್ತಂತೆ. ಲ್ಯಾಬಕ್ಕ ತಮ್ಮ ಖಾತೆಯಿಂದ ನೋಡಿದರು. ಒಂದೇ ನಿಮಿಷದಲ್ಲಿ ಕಾರಣ ತಿಳಿಯಿತು. ಮೇಷ್ಟರಿಗೆ ಫೋನ್ ಮಾಡಿದರು, ಆದರೆ ಕಾರಣ ಹೇಳಲಿಲ್ಲ. ಒಂದು ಸಹಾಯ ಆಗಬೇಕು, ಬೆಳಿಗ್ಗೆ ಬೇಗ ಬನ್ನಿ ಎಂದಷ್ಟೇ ಕೇಳಿಕೊಂಡರು.

“ಫೋನಲ್ಲಿ ಹೇಳಿದ್ರೆ ಮಿಷಿನ್ ಕೆಟ್ಟಿದೆ ಅಂತಾರೆ” ಎನ್ನುತ್ತಾರೆ ಲ್ಯಾಬಕ್ಕ. “ಕುಣಿಯೋಕೆ ಬರದಿದ್ರೆ ನೆಲ ಡೊಂಕು ತಾನೆ? ಅವರೇ ಕಣ್ಣಾರೆ ನೋಡ್ಬೇಕು.”

ಇವರ ಹಿಂದಿನ ಕಸುಬು ಟೈಪಿಂಗ್ ಕಲಿಸುವುದು. ಹನ್ನೆರಡು ವರ್ಷ ಟೈಪಿಂಗ್ ಶಾಲೆಯಲ್ಲಿದ್ದರು. ಯಂತ್ರಗಳು ತೂಕಕ್ಕೆ ಮಾರಾಟವಾದ ಮೇಲೆ ಈ ಕಾಲೇಜಿಗೆ ಲ್ಯಾಬ್ ಸಹಾಯಕಿಯಾಗಿ ಬಂದರು. ಪೋರ್ಟಲ್ ಬಂದಾಗ ಹೊರಗಿನ ತರಬೇತುದಾರರು ಎರಡು ದಿನ ಭಾಷಣ ಮಾಡಿ ಹೋದರು. ಮೂರನೆಯ ದಿನ ಅಧ್ಯಾಪಕರಿಗೆ ಪಾಸ್‌ವರ್ಡ್ ಕೂಡ ನೆನಪಿರಲಿಲ್ಲ. ಇವರು ಬಳಕೆಯ ಕೈಪಿಡಿಯನ್ನು ಮನೆಗೊಯ್ದು ಓದಿ, ತಾವೇ ಕಲಿತು, ಮಿಕ್ಕವರಿಗೆ ಕಲಿಸತೊಡಗಿದರು. ಯಾರೂ ಹೇಳಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಈಗ ದಿನಕ್ಕೆ ಮೂರು ತಂಡ, ಇಪ್ಪತ್ತೈದಕ್ಕೆ ಕಡಿಮೆಯಿಲ್ಲದ ಫೋನ್ ಕರೆಗಳು. ಸೋಮವಾರವಾದರೆ ಪಾಸ್‌ವರ್ಡ್ ಮರೆತವರೇ ಹತ್ತೊಂಬತ್ತು ಮಂದಿ. ಮನೆಯಲ್ಲಿ ಅತ್ತೆಯ ಆಕ್ಷೇಪಣೆ ಬೇರೆ: “ಊರ ಮೇಷ್ಟ್ರುಗಳಿಗೆಲ್ಲ ಹೇಳ್ಕೊಡ್ತೀಯ, ನನ್ನ ಫೋನಲ್ಲಿ ಅಕ್ಷರ ದೊಡ್ಡದು ಮಾಡ್ಕೊಡೋಕೆ ನಿಂಗೆ ಪುರುಸೊತ್ತಿಲ್ಲ.”

ಇಂಥವರಿಗೆ ಪೋರ್ಟಲಿನಲ್ಲಿ ಸಿಕ್ಕ ಸ್ಥಾನ ಯಾವುದು? ಅಲ್ಲಿರುವುದು ಅಧಿಕಾರಿ, ಅಧ್ಯಾಪಕ, ವಿದ್ಯಾರ್ಥಿ ಎಂಬ ಮೂರೇ ಗುಂಪು. ಇವರು ಎಲ್ಲಿಗೂ ಸೇರದ್ದರಿಂದ ಕಚೇರಿಯ ಗುಮಾಸ್ತರು ಇವರನ್ನು ‘ವಿದ್ಯಾರ್ಥಿ’ ಎಂದು ನಮೂದಿಸಿ, ಎಲ್ಲ ತರಗತಿಗಳಿಗೂ ಸೇರಿಸಿ ಕೈತೊಳೆದುಕೊಂಡರು. ಎಂಬತ್ತನಾಲ್ಕು ಅಧ್ಯಾಪಕರ ಗುರುವಿಗೆ ತಿಂಗಳಿಗೊಮ್ಮೆ ಸಂದೇಶ ಬರುತ್ತದೆ: ನಿಮ್ಮ ಹಾಜರಾತಿ ಶೂನ್ಯ, ಪೋಷಕರನ್ನು ಕರೆತನ್ನಿ. ಅದನ್ನು ಓದಿದ ಅತ್ತೆ, ಹಾಗಾದರೆ ತಾನೇ ಬರಬೇಕಾಗುತ್ತದೆ ಎಂದು ಸೀರೆ ಆರಿಸಿಟ್ಟುಕೊಂಡಿದ್ದಾರಂತೆ. ಲ್ಯಾಬಕ್ಕ ಹೇಳಿ ನಗುತ್ತಾರೆ. ನಗುವ ವಿಷಯವಲ್ಲ ಇದು. ದುಡಿಮೆ ಪಡೆದು ಹೆಸರು ಕೊಡದಿರುವುದು ನಯವಾದ ಕಳ್ಳತನ.

ಅವಮಾನವೆಂದು ಕೊಟ್ಟದ್ದನ್ನೇ ಇವರು ಉಪಕರಣ ಮಾಡಿಕೊಂಡಿದ್ದಾರೆ. ಪೋರ್ಟಲಿನಲ್ಲಿ ಪ್ರತಿ ಪಾಠದ ಪಕ್ಕ ಒಂದು ಕಣ್ಣಿನ ಚಿತ್ರವಿದೆ. ಕಣ್ಣು ಮುಚ್ಚಿದ್ದರೆ ಪಾಠ ಅಧ್ಯಾಪಕರಿಗೆ ಮಾತ್ರ ಕಾಣುತ್ತದೆ. ತೆರೆದರೆ ಮಕ್ಕಳಿಗೂ ಕಾಣುತ್ತದೆ. ಸಿದ್ಧತೆಯ ವೇಳೆ ಮುಚ್ಚಿದವರು ತೆರೆಯಲು ಮರೆಯುವುದು ಸಾಮಾನ್ಯ. ಅದಕ್ಕೇ ಇವರ ತರಬೇತಿಯ ಕೊನೆಯ ಪಾಠವೆಂದರೆ, ಅಧ್ಯಾಪಕರು ಇವರ ವಿದ್ಯಾರ್ಥಿ ಖಾತೆಯ ಮುಂದೆ ಕುಳಿತು ತಮ್ಮ ಪರೀಕ್ಷೆಯನ್ನು ತಾವೇ ಬರೆಯುವುದು. ಇತಿಹಾಸದ ಮೇಷ್ಟರು ತಮ್ಮ ತರಬೇತಿಯ ದಿನ ತರಗತಿಯಿದೆಯೆಂದು ನಡುವೆ ಎದ್ದುಹೋಗಿದ್ದರು. ಪೂರ್ತಿ ಹಾಜರಾತಿಗೆ ಸಹಿ ಮಾತ್ರ ಹಾಕಿದ್ದರು. ಅವರ ಹೆಸರಿನ ಮುಂದೆ ಲ್ಯಾಬಕ್ಕ ‘ಕೊನೆಯ ಪಾಠ ಬಾಕಿ’ ಎಂದು ಬರೆದರು. ಕಚೇರಿ ಅದರ ಮೇಲೆ ಬಿಳಿ ಬಣ್ಣ ಬಳಿದು, ತರಬೇತಿ ನೂರಕ್ಕೆ ನೂರು ಎಂದು ಮೇಲಕ್ಕೆ ವರದಿ ಕಳಿಸಿತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆನ್ನುವ ಮೇಲಿನವರು ಒಪ್ಪಿಕೊಂಡರು. ಆ ಸುಳ್ಳಿನ ಬೆಲೆಯೇ ಈ ಅರವತ್ತೊಂದು ಸೊನ್ನೆ.

ಮೇಷ್ಟರ ಮುಂದೆ ಈಗ ಇರುವುದು ಲ್ಯಾಬಕ್ಕನ ಖಾತೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬರೆದು ಸಲ್ಲಿಸಿ, ಅಷ್ಟೇ ಸಹಾಯ ಎಂದು ಕೇಳಿಕೊಂಡ ಇವರು ದೂರ ಹೋಗಿ, ಒರೆಸಿದ ಕೀಲಿಮಣೆಗಳನ್ನೇ ಮತ್ತೆ ಒರೆಸುತ್ತಾರೆ. ಮೇಷ್ಟರು ಹುಡುಕುತ್ತಾರೆ. ಮೇಲೆ, ಕೆಳಗೆ, ಮತ್ತೆ ಮೇಲೆ. ಹತ್ತು ನಿಮಿಷವಾಗುತ್ತದೆ.

“ಇಲ್ಲಿ ಏನೂ ಇಲ್ವಲ್ಲಮ್ಮ.”

ಮೇಷ್ಟರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಅವರ ದನಿ ತಗ್ಗಿದೆ: “ಮಕ್ಕಳು ಇದನ್ನೇ ಹೇಳಿದ್ರು. ಸೋಮಾರಿಗಳು ಅಂತ ಬೈದುಬಿಟ್ಟೆ.”

“ಇನ್ನೂ ಟೈಮಿದೆ ಸರ್” ಎನ್ನುತ್ತಾರೆ ಇವರು. “ಕಣ್ಣು ತೆರೆಯೋದು ಒಂದು ಒತ್ತು, ಅಷ್ಟೇ. ನೀವೇ ಒತ್ತಿ.”

ಕಣ್ಣು ತೆರೆಯುವುದು ಸುಲಭ. ಅಂಕಪಟ್ಟಿಯ ಗಡುವು ಮುಂದೂಡಲು ಪ್ರಾಂಶುಪಾಲರ ಸಹಿ ಬೇಕು, ಸಹಿಗೆ ಕಾರಣ ಬೇಕು. ಕಚೇರಿಗೆ ಹೋದರೆ, ತಾಂತ್ರಿಕ ದೋಷವೆಂದು ಬರೆದುಬಿಡಿ ಎಂದು ಗುಮಾಸ್ತರು ಸಲಹೆ ಕೊಡುತ್ತಾರೆ. ಹಾಗೆ ಬರೆದರೆ ದೋಷ ಯಾರ ತಲೆಗೆ ಬರುತ್ತದೆಂದು ಪಕ್ಕದಲ್ಲಿ ನಿಂತ ಲ್ಯಾಬಕ್ಕನಿಗೆ ಗೊತ್ತು. ಮೇಷ್ಟರಿಗೂ ಗೊತ್ತು. ಅವರು ಪೆನ್ನು ತೆರೆದು ಬರೆಯುವುದು ಒಂದೇ ಸಾಲು: ತರಬೇತಿಯನ್ನು ಪೂರ್ತಿ ಮಾಡದೆ ಸಹಿ ಹಾಕಿದ ನನ್ನ ತಪ್ಪಿನಿಂದ ಹೀಗಾಗಿದೆ. ಒಂಬತ್ತೂ ಮುಕ್ಕಾಲಿಗೆ ಮೂರು ದಿನಗಳ ಕಾಲಾವಕಾಶ ಸಿಗುತ್ತದೆ. ಹತ್ತು ಗಂಟೆಗೆ ಮೇಷ್ಟರು ತರಗತಿಯಲ್ಲಿ ಅದೇ ಸಾಲನ್ನು ಬಾಯಿಬಿಟ್ಟು ಹೇಳುತ್ತಾರೆ. ಮೂವತ್ತಮೂರು ವರ್ಷಗಳಲ್ಲಿ ಅವರು ಮಾಡಿದ ಅತ್ಯುತ್ತಮ ಪಾಠ ಬಹುಶಃ ಅದೇ.

ಮೂರು ದಿನಗಳ ನಂತರದ ಲೆಕ್ಕ ಹೀಗಿದೆ: ಸಲ್ಲಿಸಿದವರು ಐವತ್ತೇಳು, ಸಲ್ಲಿಸದವರು ನಾಲ್ವರು. ಆ ನಾಲ್ಕು ಸೊನ್ನೆಗಳು ಮಾತ್ರ ನ್ಯಾಯವಾದವು.

ಮೇಷ್ಟರು ಅಲ್ಲಿಗೇ ನಿಲ್ಲಿಸಿಲ್ಲ. ಲ್ಯಾಬಕ್ಕನನ್ನು ಪೋರ್ಟಲಿನ ಅಧ್ಯಾಪಕರ ಗುಂಪಿಗೆ ಸೇರಿಸಬೇಕೆಂದು ಅರ್ಜಿ ಬರೆದು, ಸಹೋದ್ಯೋಗಿಗಳ ಸಹಿ ಪಡೆದು, ಇವರನ್ನೂ ಕಚೇರಿಗೆ ಕರೆದೊಯ್ದಿದ್ದಾರೆ. ಒಬ್ಬರಿಗೆ ಒಂದೇ ಗುಂಪು, ಅಧ್ಯಾಪಕರಾದರೆ ವಿದ್ಯಾರ್ಥಿ ಖಾತೆ ಹೋಗುತ್ತದೆ ಎಂದು ಗುಮಾಸ್ತರು ವಿವರಿಸುತ್ತಾರೆ. ಲ್ಯಾಬಕ್ಕ ಅರ್ಜಿಯನ್ನು ಮಡಿಸಿ ಮೇಷ್ಟರ ಕೈಗೇ ಕೊಡುತ್ತಾರೆ.

“ಬೇಡ ಸರ್, ಹೀಗೇ ಇರ್ಲಿ. ಮಕ್ಕಳಿಗೆ ಏನು ಕಾಣಿಸ್ತಿಲ್ಲ ಅನ್ನೋದು ಅವರ ಜಾಗದಲ್ಲಿ ಕೂತವರಿಗೇ ಗೊತ್ತಾಗೋದು. ಆ ಹಾಜರಾತಿ ಮೆಸೇಜ್ ಒಂದನ್ನ ನಿಲ್ಲಿಸಿಕೊಡಿ, ಸಾಕು. ನಮ್ಮತ್ತೆ ಹೊರಟು ನಿಂತಿದ್ದಾರೆ.”